ಲಫೆಟ್ ಪೆಟ್ಟಿಗೆ ದುರಸ್ತಿ: ಎಣ್ಣೆ ಬೀಳುವ ಜಾಗದಲ್ಲಿ ಪೇಂಟ್ ನಿಲ್ಲುವುದಿಲ್ಲ

ಬರ್ಮಾದವರು ಲಫೆಟ್, ಅಂದರೆ ಹುದುಗಿಸಿದ ಚಹಾ ಎಲೆ, ಇಟ್ಟು ಬಡಿಸುವ ಪೆಟ್ಟಿಗೆ ಇದು. ಇದರ ಸ್ಥಿತಿ ಮೊದಲು ಹೇಳಿಬಿಡುತ್ತೇನೆ. ಊಟದ ತಟ್ಟೆಯಷ್ಟು ಅಗಲದ, ದುಂಡನೆಯ, ಗಿಡ್ಡ ಡಬ್ಬಿ. ಮೇಲೆ ಉಬ್ಬಿದ ಮುಚ್ಚಳ. ಒಳಗೆ ಎತ್ತಿ ತೆಗೆಯುವ ಒಂದು ತಟ್ಟೆ, ಅದರ ನಡುವೆ ಒಂದು ದುಂಡು ಮನೆ, ಅಂದರೆ ಖಾನೆ, ಸುತ್ತ ಆರು ಮನೆ. ಡಬ್ಬಿಯ ಅಂಚಿನಲ್ಲಿ ಬಿದಿರಿನ ಸುತ್ತು ಬಿಚ್ಚಿಕೊಂಡಿದೆ. ಮನೆಗಳ ನಡುವಿನ ಗೋಡೆಗಳಲ್ಲಿ ಒಂದು ಮುರಿದು ಕಳೆದುಹೋಗಿದೆ, ಪಕ್ಕದ್ದು ಅಲುಗಾಡುತ್ತದೆ. ಮುಚ್ಚಳದ ತುದಿಯ ಹಿಡಿ ಇಲ್ಲವೇ ಇಲ್ಲ. ಇದೆಲ್ಲಕ್ಕಿಂತ ಬೇಜಾರಿನ ವಿಷಯ ಅಂದರೆ ಹಿಂದೆ ಯಾರೋ ಬಿರುಕುಗಳಿಗೆ ಪುಟ್ಟಿ ಮೆತ್ತಿ, ಒಳಗೆಲ್ಲ ಕಪ್ಪು ಸ್ಪ್ರೇ ಪೇಂಟ್ ಹೊಡೆದಿದ್ದಾರೆ. ಮುಟ್ಟಿದರೆ ಜಿಗುಟು.

ಇದು ಯಾಂಗೊನಿನಲ್ಲಿ, ಅಂದರೆ ಹಿಂದಿನ ರಂಗೂನಿನಲ್ಲಿ, ನಾವಿರುವ ಬಾಡಿಗೆ ಮನೆಯ ಮಾಲೀಕ ಅಜ್ಜಿಯದು. ಭಾನುವಾರಗಳಲ್ಲಿ ನಾನು ಮರದ ಸಾಮಾನು ರಿಪೇರಿ ಮಾಡಿಕೊಂಡು ಕೂರುವುದನ್ನು ನೋಡಿದ್ದರು, ಹಾಗಾಗಿ ನನ್ನ ಕೈಗೆ ಬಂತು. ಒಂದೇ ಷರತ್ತು: ಇದು ಶೋಕೇಸಿಗಲ್ಲ, ಮಳೆಗಾಲ ಮುಗಿದ ಮೇಲೆ ಮನೆಯಲ್ಲಿ ಆಹ್ಲು ಇದೆ, ಅವತ್ತು ಜನರ ಮುಂದೆ ಇಡಬೇಕು. ಆಹ್ಲು ಅಂದರೆ ಬೌದ್ಧ ದಾನದ ಸಮಾರಂಭ. ಭಿಕ್ಷುಗಳಿಗೆ ದಾನ, ಬಂದವರಿಗೆಲ್ಲ ಊಟ.

ಈ ಷರತ್ತಿನಿಂದ ಇಡೀ ಕೆಲಸದ ದಾರಿಯೇ ಬದಲಾಯಿತು. ನೋಡೋದಕ್ಕೆ ಚೆನ್ನಾಗಿದ್ದರೆ ಸಾಕು ಅಂದಿದ್ದರೆ ಎಪಾಕ್ಸಿ ಹಾಕಿ, ಉಜ್ಜಿ, ಬಣ್ಣ ಬಳಿದು ಒಂದೇ ವಾರದಲ್ಲಿ ವಾಪಸ್ ಕೊಡಬಹುದಿತ್ತು. ಆದರೆ ಲಫೆಟ್‌ನ ಜೊತೆ ಎಣ್ಣೆ, ಉಪ್ಪು, ನಿಂಬೆ ಹುಳಿ ಎಲ್ಲ ಇರುತ್ತದೆ. ಈ ಮೂರೂ ಸೇರಿ ಗಂಟೆಗಟ್ಟಲೆ ಕೂತರೆ ಸಾಧಾರಣ ಪೇಂಟ್ ಮೆತ್ತಗಾಗುತ್ತದೆ, ಆಮೇಲೆ ತಿನ್ನುವವರ ಬೆರಳಿಗೆ ಹತ್ತುತ್ತದೆ.

ಇದರಲ್ಲಿ ಏನು ಇಡುತ್ತಾರೆ

ನಮ್ಮಲ್ಲಿ ಚಹಾ ಎಂದರೆ ಕುಡಿಯುವುದು ಅಷ್ಟೇ. ಬರ್ಮಾದಲ್ಲಿ ಕುಡಿಯುತ್ತಾರೆ, ತಿನ್ನುತ್ತಾರೆ ಕೂಡ. ಶಾನ್ ರಾಜ್ಯದ ಗುಡ್ಡಗಳಲ್ಲಿ, ಮುಖ್ಯವಾಗಿ ನಮ್‌ಸಾನ್ ಕಡೆ, ತಾಆಂಗ್ ಜನ ಚಹಾ ಬೆಳೆಯುತ್ತಾರೆ. ಇವರನ್ನು ಪಲೌಂಗ್ ಅಂತಲೂ ಕರೆಯುತ್ತಾರೆ. ಮಳೆ ಶುರುವಾಗುವ ಮುಂಚೆ ಬರುವ ಮೊದಲ ಚಿಗುರಿಗೆ ಬೆಲೆ ಜಾಸ್ತಿ. ಎಳೆ ಎಲೆಯನ್ನು ಸ್ವಲ್ಪ ಹೊತ್ತು ಹಬೆಯಲ್ಲಿ ಬೇಯಿಸಿ, ಹೊಸೆದು, ಗುಂಡಿಯಲ್ಲಿ ಇಳಿಸಿದ ಬಿದಿರಿನ ತೊಟ್ಟಿಗೆ ಒತ್ತಿ ತುಂಬಿ, ಮೇಲೆ ಭಾರ ಹೇರಿ ತಿಂಗಳುಗಟ್ಟಲೆ ಬಿಡುತ್ತಾರೆ. ಹುಳಿ ಬಂದು, ಕಹಿ ಇಳಿದು, ಎಲೆ ಮೆತ್ತಗಾಗುತ್ತದೆ. ಬರ್ಮಾದ ಹಳೆಯ ರಾಜಧಾನಿ ಬಗಾನಿನ ರಾಜ ಅಲೌಂಗ್‌ಸಿತು 12ನೇ ಶತಮಾನದಲ್ಲಿ ತಮ್ಮ ಪೂರ್ವಜರಿಗೆ ಚಹಾ ಬೀಜ ಕೊಟ್ಟ ಅಂತ ತಾಆಂಗರ ಕಥೆ.

ಬರ್ಮೀಯರಲ್ಲಿ ಒಂದು ಗಾದೆ ಎಲ್ಲರ ಬಾಯಲ್ಲೂ ಇದೆ: ಹಣ್ಣಿನಲ್ಲಿ ಮಾವು, ಮಾಂಸದಲ್ಲಿ ಹಂದಿ, ಎಲೆಯಲ್ಲಿ ಲಫೆಟ್. ರುಚಿಯ ಮಾತು ಹಾಗಿರಲಿ, ಇದಕ್ಕಿರುವ ಮರ್ಯಾದೆಯೇ ಬೇರೆ. ಹಿಂದೆ ಜಗಳವಾಡುತ್ತಿದ್ದ ರಾಜ್ಯಗಳು ಸಂಧಿಗೆ ಲಫೆಟ್ ಕಳಿಸುತ್ತಿದ್ದವು. ಬ್ರಿಟಿಷರು ಬರುವ ಮುಂಚಿನ ನ್ಯಾಯಸಭೆಗಳಲ್ಲಿ ತೀರ್ಪು ಬಂದ ಮೇಲೆ ವಾದಿ ಪ್ರತಿವಾದಿ ಇಬ್ಬರೂ ಲಫೆಟ್ ತಿಂದರೆ ತೀರ್ಪು ಒಪ್ಪಿದಂತೆ. ಹುಡುಗರನ್ನು ಸ್ವಲ್ಪ ಕಾಲಕ್ಕೆ ಭಿಕ್ಷು ಮಾಡುವ ಶಿನ್‌ಬ್ಯು ಸಮಾರಂಭಕ್ಕೆ ಮನೆಮನೆಗೆ ಲಫೆಟ್‌ನ ಪುಟ್ಟ ಪೊಟ್ಟಣ ಕೊಟ್ಟು ಕರೆಯುತ್ತಿದ್ದರು. ನಾಟ್ ದೇವತೆಗಳ ಎಡೆಗೂ ಲಫೆಟ್ ಬೇಕು. ನಮ್ಮಲ್ಲಿ ವೀಳ್ಯ ಕೊಟ್ಟು ಮಾತು ಗಟ್ಟಿ ಮಾಡಿಕೊಳ್ಳುತ್ತಾರಲ್ಲ, ಹೆಚ್ಚುಕಡಿಮೆ ಅದೇ ಜಾಗ ಇದರದ್ದು. ಎಲೆ ಅಡಿಕೆಯೂ ಬರ್ಮಾದಲ್ಲಿದೆ, ಅದಕ್ಕೆ ಬೇರೆಯೇ ಡಬ್ಬಿ: ಎತ್ತರದ್ದು, ಒಳಗೆ ಒಂದರ ಮೇಲೊಂದು ತಟ್ಟೆ. ಅಂಗಡಿಗಳಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟಿರುತ್ತಾರೆ. ಗಿಡ್ಡಗೆ ಅಗಲವಾಗಿ, ಒಂದೇ ತಟ್ಟೆಯಲ್ಲಿ ಮನೆಗಳಿದ್ದರೆ ಅದು ಲಫೆಟ್ ಓಕ್.

ಮನೆಗಳು ಯಾಕೆ ಅಂದರೆ, ಎಲೆ ಒದ್ದೆ, ಉಳಿದದ್ದೆಲ್ಲ ಗರಿಗರಿ. ಸೇರಿಸಿಟ್ಟರೆ ಕರಿದ ಕಾಳು ಸ್ವಲ್ಪ ಹೊತ್ತಿಗೇ ಮೆತ್ತಗೆ. ಅದಕ್ಕೇ ನಡುವಿನ ಮನೆಯಲ್ಲಿ ಎಲೆ, ಸುತ್ತ ಒಂದೊಂದರಲ್ಲಿ ಒಂದೊಂದು, ಕಲಸುವುದು ತಿನ್ನುವವರ ಬೆರಳಲ್ಲೇ. ಹಾಗಾಗಿ ಮುರಿದ ಗೋಡೆಯ ಜಾಗದಲ್ಲಿ ಸುಮ್ನೆ ಒಂದು ಪಟ್ಟಿ ನಿಲ್ಲಿಸಿದರೆ ಆಗುವುದಿಲ್ಲ, ಬುಡದಲ್ಲಿ ಎಣ್ಣೆ ಜಿನುಗದ ಹಾಗೆ ಕೂರಬೇಕು.

ಪೇಂಟ್ ಕೆಳಗೆ ಏನಿದೆ

ಕನ್ನಡದವರಿಗೆ ಇಲ್ಲಿ ಒಂದು ಗೊಂದಲ ಆಗುವ ಸಾಧ್ಯತೆ ಇದೆ. ಹೊಳೆಯುವ ಬಣ್ಣದ ಮರದ ಸಾಮಾನು ಅಂದ ತಕ್ಷಣ ನಮಗೆ ಚನ್ನಪಟ್ಟಣ ನೆನಪಾಗುತ್ತದೆ. ಚನ್ನಪಟ್ಟಣದ್ದು ಅರಗು. ಅದು ಕೀಟದಿಂದ ಬರುತ್ತದೆ, ತಿರುಗುವ ಮರಕ್ಕೆ ಒತ್ತಿ ಹಿಡಿದರೆ ಆ ಬಿಸಿಗೆ ಕರಗಿ ಹತ್ತುತ್ತದೆ. ಬಗಾನಿನಲ್ಲಿ ಮಾಡುವ ಇಂಥ ಪೆಟ್ಟಿಗೆಯದು ಮರದ ಸೊನೆ. ಮರದ ಹೆಸರೂ ಸೊನೆಯ ಹೆಸರೂ ತಿಟ್‌ಸಿ. ಇದು ಮಾವು, ಗೇರು ಇರುವ ಕುಟುಂಬದ್ದೇ ಮರ. ಮಾವಿನ ಸೊನೆ ತುಟಿಗೆ ತಾಗಿ ಸುಟ್ಟ ಅನುಭವ ಇದ್ದವರಿಗೆ ಮುಂದಿನದು ಗೊತ್ತಾಗಿರುತ್ತದೆ: ಹಸಿ ತಿಟ್‌ಸಿ ಚರ್ಮಕ್ಕೆ ತಾಗಿದರೆ ತುರಿಕೆ, ಗುಳ್ಳೆ. ಒಣಗಿ ಗಟ್ಟಿಯಾದ ಮೇಲೆ ಏನೂ ಮಾಡುವುದಿಲ್ಲ, ಅದರಲ್ಲೇ ಊಟ ಮಾಡಬಹುದು.

ಈ ವ್ಯತ್ಯಾಸ ಪರೀಕ್ಷೆಗೂ ಅನುಕೂಲ. ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಉಜ್ಜಿದರೆ ಅರಗು ಕರಗಿ ಬರುತ್ತದೆ, ಗಟ್ಟಿಯಾದ ತಿಟ್‌ಸಿ ಜಗ್ಗುವುದಿಲ್ಲ. ಪೆಟ್ಟಿಗೆಯ ಅಡಿಯಲ್ಲಿ, ಕಾಣದ ಮೂಲೆಯಲ್ಲಿ ಮೊದಲು ನೋಡಿದೆ. ಹತ್ತಿ ಕಪ್ಪಾಯಿತು, ಅಂದರೆ ಸ್ಪ್ರೇ ಪೇಂಟ್ ಬಿಡುತ್ತಿದೆ. ಇನ್ನೂ ಉಜ್ಜಿದಾಗ ಕೆಳಗೆ ಕಂದು ಛಾಯೆಯ, ನುಣುಪಾದ ಕಪ್ಪು ಪದರ ಬಂತು, ಅಲ್ಲಿಂದ ಮುಂದೆ ಹತ್ತಿ ಬೆಳ್ಳಗೇ ಉಳಿಯಿತು. ಅಸಲಿ ಮೈ ಹಾಗೇ ಇದೆ!

ಪೇಂಟ್ ತೆಗೆಯುವುದೇ ಅತಿ ಹೆಚ್ಚು ಸಮಯ ತಿಂದ ಕೆಲಸ. ಹತ್ತಿ, ಸ್ಪಿರಿಟ್, ಬಿದಿರಿನ ಚೂಪು ಕಡ್ಡಿ, ಅಷ್ಟೇ. ಕಬ್ಬಿಣದ ಬ್ಲೇಡ್ ಬಳಸಿದ್ದು ಪುಟ್ಟಿ ಎಬ್ಬಿಸುವಾಗ ಮಾತ್ರ. ಹೊರಗಿನ ಚಿತ್ತಾರಕ್ಕೆ ಸ್ಪಿರಿಟ್ ಸೋಕಿಸಲಿಲ್ಲ. ಆ ಚಿತ್ತಾರವನ್ನು ಕಬ್ಬಿಣದ ಸೂಜಿಯಿಂದ ಕೈಯಲ್ಲೇ ಕೆತ್ತಿ, ಒಂದೊಂದು ಬಣ್ಣ ಬೇರೆಬೇರೆಯಾಗಿ ತುಂಬಿ, ಒಣಗಿಸಿ, ಉಜ್ಜಿ ಮಾಡಿರುತ್ತಾರೆ. ಹಳೆಯವುಗಳಲ್ಲಿ ಕೆಂಪಿಗೆ ಪಾದರಸ ಇರುವ ಇಂಗಳೀಕ, ಹಳದಿಗೆ ಆರ್ಸೆನಿಕ್ ಇರುವ ಹರಿದಾಳ ಬಳಸುತ್ತಿದ್ದರು. ಹಾಗಾಗಿ ಹಳೆಯ ಪೆಟ್ಟಿಗೆಯ ಬಣ್ಣದ ಭಾಗವನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಬೇಡಿ. ಇದರ ಒಳಭಾಗ ಬರೀ ಕಪ್ಪು, ಅದು ಪುಣ್ಯ. ಕೆಂಪಿದ್ದಿದ್ದರೆ ಮನೆಗಳೊಳಗೆ ಚಿಕ್ಕ ಗಾಜಿನ ಬಟ್ಟಲು ಇಡಿ ಅಂತ ಅಜ್ಜಿಗೆ ಹೇಳಬೇಕಾಗುತ್ತಿತ್ತು.

ಬಿದಿರು

ಪೇಂಟ್ ಹೋದ ಮೇಲೆ ಅಸ್ಥಿಪಂಜರ ಕಂಡಿತು. ತೆಳ್ಳಗೆ ಸೀಳಿದ ಬಿದಿರಿನ ಪಟ್ಟಿಯನ್ನು ಸುರುಳಿ ಸುತ್ತಿ ಡಬ್ಬಿಯ ಆಕಾರ ಮಾಡಿದ್ದಾರೆ. ಇನ್ನೂ ನಾಜೂಕಿನವುಗಳಲ್ಲಿ ಬಿದಿರಿನ ಜೊತೆ ಕುದುರೆ ಕೂದಲು ಹೆಣೆಯುತ್ತಾರೆ, ಅಂಥ ಬಟ್ಟಲಿನ ಅಂಚನ್ನು ಎರಡು ಬೆರಳಲ್ಲಿ ಒತ್ತಿದರೆ ಬಾಗುತ್ತದೆ, ಮುರಿಯುವುದಿಲ್ಲ. ನಮ್ಮದು ದಿನಬಳಕೆಯ ದಪ್ಪ ಜಾತಿ.

ಅಂಚಿನ ಕೊನೆಯ ಸುತ್ತುಗಳು ಒಣಗಿ ಸೀಳಿದ್ದವು. ಸೀಳಿದ ಭಾಗವನ್ನು ಓರೆಯಾಗಿ ಕತ್ತರಿಸಿದೆ. ಹೊಸ ಬಿದಿರಿನ ಪಟ್ಟಿಯನ್ನು ರಾತ್ರಿ ನೀರಲ್ಲಿ ನೆನೆಸಿ, ಚಾಕುವಿನಲ್ಲಿ ಹೆರೆದು ಹಳೆಯದರ ದಪ್ಪಕ್ಕೆ ತಂದು, ಅದರ ತುದಿಯನ್ನೂ ಅದೇ ಓರೆಗೆ ಕತ್ತರಿಸಿ ಕೂರಿಸಿದೆ. ಹಸಿ ಬಿದಿರನ್ನು ಹಾಗೇ ಅಂಟಿಸಬಾರದು, ಆಮೇಲೆ ಕುಗ್ಗಿ ಸಂದು ಬಿಡುತ್ತದೆ. ಅದಕ್ಕೆ ಮೊದಲು ಅಂಟಿಲ್ಲದೆ ಸುತ್ತಿ, ಕಟ್ಟಿ, ಅದೇ ಆಕಾರದಲ್ಲಿ ಒಣಗಲು ಬಿಟ್ಟು, ಆಮೇಲೆ ಬಿಚ್ಚಿ ತಿಟ್‌ಸಿ ಹಚ್ಚಿ ಮತ್ತೆ ಸುತ್ತಿದೆ. ಬಿಗಿಯಾಗಿ ಹಿಡಿದಿಡಲು ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿದ ಪಟ್ಟಿಗಳು. ದುಂಡು ಸಾಮಾನಿಗೆ ಇದಕ್ಕಿಂತ ಒಳ್ಳೆಯ ಕ್ಲ್ಯಾಂಪ್ ನಾನು ಕಂಡಿಲ್ಲ.

ಕಳೆದುಹೋದ ಗೋಡೆಗೆ ತೇಗದ ತೆಳು ಚಕ್ಕೆ. ಪಕ್ಕದ ಗೋಡೆಯ ಮೇಲೆ ಕಾಗದ ಇಟ್ಟು ಆಕಾರ ತೆಗೆದುಕೊಂಡೆ. ಒಂದು ತುದಿ ನಡುವಿನ ಮನೆಯ ಬಾಗಿಗೆ, ಇನ್ನೊಂದು ತುದಿ ಹೊರ ಅಂಚಿನ ಬಾಗಿಗೆ ಒಗ್ಗಬೇಕು.

ತಿಟ್‌ಸಿ ಮತ್ತು ಮಳೆಗಾಲ

ತಿಟ್‌ಸಿಯನ್ನು ಬಗಾನಿನ ಒಬ್ಬ ಕಸುಬುದಾರರಿಂದ ತರಿಸಿದೆ. ಮರಕ್ಕೆ ಗಾಯ ಮಾಡಿ ಇಳಿಸಿದ ಈ ಸೊನೆ ಗಾಳಿ ತಾಗಿದ ಹಾಗೆ ಕಂದಿನಿಂದ ಕಪ್ಪಾಗುತ್ತಾ ಹೋಗುತ್ತದೆ. ಡಬ್ಬದ ಮೇಲೆ ಕೆನೆ ಕಟ್ಟುತ್ತದೆ, ಅದನ್ನು ಸರಿಸಿ, ಬೇಕಾದಷ್ಟು ಮಾತ್ರ ತೆಗೆದು, ತೆಳು ಬಟ್ಟೆಯಲ್ಲಿ ಹಿಂಡಿ ಸೋಸಿದೆ. ನೈಟ್ರೈಲ್ ಕೈಗವಸು, ಮೇಲೆ ಹಳೆಯ ತುಂಬು ತೋಳಿನ ಅಂಗಿ. ಎಲ್ಲಾದರೂ ತಾಗಿದರೆ ಮೊದಲು ನೀರು ಹಾಕಬೇಡಿ. ಅಡುಗೆ ಎಣ್ಣೆಯಲ್ಲಿ ಒರೆಸಿ, ಆಮೇಲೆ ಸೋಪು.

ಸಂದು ತುಂಬಲು ತಾಯೋ ಅನ್ನುವ ಮಿಶ್ರಣ: ಸೊನೆಗೆ ಬೂದಿಯೋ ತೇಗದ ಹೊಟ್ಟೋ ಕಲಸಿದ ಗಟ್ಟಿ ಲೇಪ. ಆಳವಾದ ಜಾಗಕ್ಕೆ ಹೊಟ್ಟಿನದು, ಮೇಲಿನ ಪದರಕ್ಕೆ ಬಟ್ಟೆಯಲ್ಲಿ ಜರಡಿ ಹಿಡಿದ ಬೂದಿಯದು. ಹೊಸ ಗೋಡೆಯ ಬುಡಕ್ಕೂ ಇದನ್ನೇ ಒತ್ತಿ, ಕಡ್ಡಿಯಿಂದ ಒಳಬಾಗು ಕೊಟ್ಟೆ. ಚೂಪು ಮೂಲೆ ಬಿಟ್ಟರೆ ಎಣ್ಣೆ ಅಲ್ಲೇ ಕೂರುತ್ತದೆ, ಒರೆಸುವ ಬಟ್ಟೆ ಅಲ್ಲಿಗೆ ಹೋಗುವುದಿಲ್ಲ.

ಈಗ ಬಂದಿದ್ದು ಸ್ವಾರಸ್ಯದ ವಿಷಯ. ತಿಟ್‌ಸಿ ನಮ್ಮ ಪೇಂಟಿನಂತೆ ಆರಿ ಒಣಗುವುದಿಲ್ಲ. ಸೊನೆಯಲ್ಲಿರುವ ಒಂದು ಕಿಣ್ವ ಗಾಳಿಯ ಆಮ್ಲಜನಕ ಹಿಡಿದು ಅದನ್ನು ಗಟ್ಟಿ ಮಾಡಬೇಕು, ಆ ಕಿಣ್ವಕ್ಕೆ ತೇವ ಬೇಕು. ಬಿಸಿಲಲ್ಲಿಟ್ಟರೆ ಗಟ್ಟಿಯಾಗುವುದೇ ಇಲ್ಲ! ಬಗಾನ್ ಇರುವುದು ಬರ್ಮಾದ ಒಣ ವಲಯದಲ್ಲಿ, ಅದಕ್ಕೇ ಅಲ್ಲಿ ಸಾಮಾನನ್ನು ನೆಲಮಾಳಿಗೆಯಲ್ಲಿ ಇಡುತ್ತಾರೆ, ಒಂದೊಂದು ಪದರಕ್ಕೆ ಸುಮಾರು ಒಂದು ವಾರ, ಹೀಗೆ ಪದರದ ಮೇಲೆ ಪದರ ಹಾಕಿ ಒಂದು ಒಳ್ಳೆಯ ಪೆಟ್ಟಿಗೆ ಮುಗಿಯಲು ತಿಂಗಳುಗಳೇ ಬೇಕು. ಈ ಕಸುಬು ಕಲಿಸಲು 1924ರಲ್ಲೇ ಬಗಾನಿನಲ್ಲಿ ಒಂದು ಶಾಲೆ ಶುರುವಾಯಿತು, ಈಗಲೂ ಇದೆ. ಯಾಂಗೊನಿನಲ್ಲಿ ನೆಲಮಾಳಿಗೆ ಯಾಕೆ ಬೇಕು ಹೇಳಿ, ವರ್ಷಕ್ಕೆ ಸುಮಾರು 2,700 ಮಿಲಿಮೀಟರ್ ಮಳೆ ಹೊಯ್ಯುವ ಊರು. ಹಳೆಯ ಮರದ ಬೀರು, ಒಳಗೆ ಒಂದು ಬಕೆಟ್‌ನಲ್ಲಿ ಒದ್ದೆ ಟವೆಲ್, ತೇವ ಅಳೆಯುವ ಅಗ್ಗದ ಮೀಟರ್. ತೇವ ಶೇಕಡಾ 75ರಿಂದ 80ರ ನಡುವೆ ನಿಂತಿತು. ಅದಕ್ಕಿಂತ ಮೇಲೆ ಹೋದರೆ ಬಿದಿರಿಗೆ ಬೂಷ್ಟು ಬರುವ ಭಯ, ಆಗ ಬಾಗಿಲು ಸ್ವಲ್ಪ ತೆರೆದಿಡುವುದು.

ಕಾಲವೂ ಕೂಡಿಬಂತು. ಜುಲೈ ಹುಣ್ಣಿಮೆಯಿಂದ ಅಕ್ಟೋಬರ್ ಹುಣ್ಣಿಮೆವರೆಗೆ ಬೌದ್ಧರಿಗೆ ವರ್ಷಾವಾಸ. ಭಿಕ್ಷುಗಳು ವಿಹಾರ ಬಿಟ್ಟು ಸಂಚಾರ ಹೋಗುವುದಿಲ್ಲ, ಮದುವೆ ಮಾಡುವುದಿಲ್ಲ. ಹಾಗಾಗಿ ಪೆಟ್ಟಿಗೆಗೂ ರಜೆ, ಯಾರೂ ಅವಸರ ಮಾಡಲಿಲ್ಲ.

ಪದರ ತೆಳ್ಳಗಿರಬೇಕು, ಇದೊಂದು ನೆನಪಿಡಿ. ದಪ್ಪ ಬಳಿದರೆ ಮೇಲ್ಮೈ ಮೊದಲು ಗಟ್ಟಿಯಾಗಿ ಒಳಗೆ ಹಸಿ ಉಳಿಯುತ್ತದೆ, ಮೈ ಸುಕ್ಕುಗಟ್ಟುತ್ತದೆ. ಬೆರಳಿನಲ್ಲಿ ಹಚ್ಚಿ, ಆಮೇಲೆ ಇನ್ನೇನು ಉಳಿದೇ ಇಲ್ಲ ಅನ್ನುವಷ್ಟು ಒರೆಸಿ, ಬೀರುವಿನಲ್ಲಿಡುವುದು. ಗಟ್ಟಿಯಾದ ಮೇಲೆ ವಾಟರ್ ಪೇಪರ್ ಅನ್ನುವ ಮರಳು ಕಾಗದದಲ್ಲಿ ನೀರು ಹಾಕಿ ಉಜ್ಜುವುದು, ಒರೆಸುವುದು, ಮತ್ತೆ ಹಚ್ಚುವುದು. ಇದರ ಬಗ್ಗೆ ಬರೆಯಲು ಜಾಸ್ತಿ ಏನಿಲ್ಲ, ತಾಳ್ಮೆ ಇದ್ದರೆ ಆಗುತ್ತದೆ.

ಹೊರಗೆ ಚಿತ್ತಾರ ಸವೆದ ಕಡೆ ಹೊಸದಾಗಿ ಕೆತ್ತಲಿಲ್ಲ. ನನ್ನ ಕೈಗೆ ಆ ವರಸೆ ಇಲ್ಲ, ಇದ್ದರೂ ಕೆತ್ತುತ್ತಿರಲಿಲ್ಲ. ತೇಪೆ ಹಾಕಿದ ಜಾಗ ಬರೀ ಕಪ್ಪಾಗಿ ಉಳಿದಿದೆ, ಹಳೆಯದು ಯಾವುದು ಹೊಸದು ಯಾವುದು ಅಂತ ನೋಡಿದವರಿಗೆ ತಿಳಿಯುತ್ತದೆ. ಅಜ್ಜಿಗೆ ಇದು ಅಷ್ಟು ಇಷ್ಟವಾಗಲಿಲ್ಲ ಅನ್ನಿಸುತ್ತದೆ, ಆದರೆ ಏನೂ ಅನ್ನಲಿಲ್ಲ.

ಎಣ್ಣೆ ಪರೀಕ್ಷೆ

ಕೊನೆಯ ಪದರದ ನಂತರ ಪೆಟ್ಟಿಗೆಯನ್ನು ಗಾಳಿಗೆ ಇಟ್ಟು ವಾಸನೆ ಹೋಗುವವರೆಗೆ ಕಾದೆ. ಆಮೇಲೆ ಪ್ರತಿ ಮನೆಗೂ ಸ್ವಲ್ಪ ಶೇಂಗಾ ಎಣ್ಣೆ, ಒಂದು ಚಿಟಿಕೆ ಉಪ್ಪು, ನಾಲ್ಕು ಹನಿ ನಿಂಬೆ ರಸ. ರಾತ್ರಿ ಇಡೀ ಬಿಟ್ಟು ಬೆಳಿಗ್ಗೆ ಬಿಳಿ ಹತ್ತಿಯಲ್ಲಿ ಒರೆಸಿದೆ. ಹತ್ತಿಗೆ ಕಪ್ಪು ಹತ್ತಲಿಲ್ಲ, ಉಗುರಿನಲ್ಲಿ ಕೆರೆದರೂ ಮೈ ಮೆತ್ತಗಿಲ್ಲ. ಹೊಸ ಗೋಡೆಯ ಬುಡದಿಂದ ಪಕ್ಕದ ಮನೆಗೆ ಎಣ್ಣೆ ದಾಟಿರಲಿಲ್ಲ. ಸ್ಪ್ರೇ ಪೇಂಟ್ ಸೋತಿದ್ದು ಇಲ್ಲೇ.

ಇನ್ನು ತುಂಬಿಸಿ ನೋಡಬೇಕಲ್ಲ. ಮಾರುಕಟ್ಟೆಯಲ್ಲಿ ಲಫೆಟ್ ಕೊಳ್ಳುವಾಗ ಬಣ್ಣ ನೋಡಿ. ಹುದುಗಿದ ಎಲೆ ಮಾಸಲು, ಕಂದು ಬೆರೆತ ಹಸಿರು ಇರಬೇಕು. 2009ರಲ್ಲಿ ಬರ್ಮಾದ ಆರೋಗ್ಯ ಸಚಿವಾಲಯ ಹಲವು ಬ್ರಾಂಡ್‌ಗಳಲ್ಲಿ ಆರಮಿನ್ ಒ ಅನ್ನುವ ಬಟ್ಟೆಯ ಬಣ್ಣ ಸಿಕ್ಕಿದೆ ಅಂತ ಪ್ರಕಟಿಸಿತ್ತು. ಕಣ್ಣಿಗೆ ಹೊಡೆಯುವ ಹಳದಿ ಹಸಿರಿದ್ದರೆ ಬೇಡ. ಎಲೆಯನ್ನು ನೀರಲ್ಲಿ ತೊಳೆದು ಹಿಂಡಿ ಕಹಿ ಇಳಿಸಿ, ಗಟ್ಟಿ ತೊಟ್ಟು ತೆಗೆದು, ಎಣ್ಣೆ, ಉಪ್ಪು, ನಿಂಬೆ ಹಾಕಿ ಕಲಸಿ ನಡುವಿನ ಮನೆಗೆ.

ಸುತ್ತಲಿನ ಮನೆಗಳಿಗೆ: ಕರಿದ ಬೆಳ್ಳುಳ್ಳಿ, ಕರಿದ ಕಡಲೆಬೇಳೆ, ಹುರಿದ ಶೇಂಗಾ, ಹುರಿದ ಎಳ್ಳು, ಒಣ ಸೀಗಡಿ, ಆಮೇಲೆ ಪೆ ಜೀ. ಈ ಪೆ ಜೀ ಬೇರೇನಲ್ಲ, ನಮ್ಮ ಅವರೆಕಾಳು. ರಾತ್ರಿ ನೆನೆಸಿ, ಸಿಪ್ಪೆ ಬಿಡಿಸಿ, ಒಣ ಬಟ್ಟೆಯ ಮೇಲೆ ಹರಡಿ ನೀರಾರಿಸಿ ಕರಿಯುವುದು. ಹಿತಕಿದ ಅವರೆ ಕರಿದು ಮಿಕ್ಸ್‌ಚರ್ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಅಲ್ವಾ? ಬೆಳ್ಳುಳ್ಳಿ ಮಾತ್ರ ಸಣ್ಣ ಉರಿಯಲ್ಲಿ, ಬಂಗಾರದ ಬಣ್ಣಕ್ಕೆ ತಿರುಗುವ ಮುಂಚೆಯೇ ತೆಗೆಯಿರಿ, ಹೊರಗೆ ಬಂದ ಮೇಲೂ ಅದು ಬೇಯುತ್ತಲೇ ಇರುತ್ತದೆ. ಎಲ್ಲವೂ ಪೂರ್ತಿ ತಣ್ಣಗಾದ ಮೇಲೆ ಪೆಟ್ಟಿಗೆಗೆ. ಬಿಸಿ ಇರುವಾಗ ಹಾಕಿ ಮುಚ್ಚಳ ಮುಚ್ಚಿದರೆ ಒಳಗೇ ಬೆವೆತು ಎಲ್ಲ ಹಾಳು.

ಟೊಮೇಟೊ, ಎಲೆಕೋಸು ಹಾಕಿ ಕಲಸಿದ ಲಫೆಟ್ ತೋಕ್ ಹೋಟೆಲಿನಲ್ಲಿ, ಟೀ ಅಂಗಡಿಯಲ್ಲಿ ಸಿಗುತ್ತದೆ, ಅದು ಊಟಕ್ಕೆ. ಪೆಟ್ಟಿಗೆಯಲ್ಲಿ ಇಡುವುದು ಮಂಡಲೆ ಶೈಲಿ, ಅದನ್ನು ಆಹ್ಲು ಲಫೆಟ್ ಅಂತಲೂ ಕರೆಯುತ್ತಾರೆ. ಮೂರು ಬೆರಳಲ್ಲಿ ಒಂದು ಚಿಟಿಕೆ ಎಲೆ, ಬೇಕಾದ ಕಾಳು, ಬಾಯಿಗೆ. ಮೊದಲು ಹುಳಿ, ಆಮೇಲೆ ಕಹಿ, ನಡುವೆ ಕರುಕುರು. ಜೊತೆಗೆ ಹಾಲಿಲ್ಲದ, ಸಕ್ಕರೆಯಿಲ್ಲದ ತೆಳು ಚಹಾ. ಯಾಂಗೊನಿನ ಟೀ ಅಂಗಡಿಯ ಪ್ರತಿ ಮೇಜಿನ ಮೇಲೂ ಫ್ಲಾಸ್ಕಿನಲ್ಲಿ ಇದು ಬಿಟ್ಟಿ ಇರುತ್ತದೆ. ಅಲ್ಲಿ ದುಡ್ಡು ಕೊಟ್ಟು ಕುಡಿಯುವುದು ಕಂಡೆನ್ಸ್ಡ್ ಹಾಲಿನ ಗಟ್ಟಿ ಚಹಾ. ಬರ್ಮಾ 1937ರವರೆಗೆ ಬ್ರಿಟಿಷ್ ಇಂಡಿಯಾದ ಭಾಗವಾಗಿತ್ತು, 1931ರ ಜನಗಣತಿ ಹೊತ್ತಿಗೆ ರಂಗೂನಿನ ಅರ್ಧಕ್ಕಿಂತ ಜಾಸ್ತಿ ಜನ ಭಾರತದವರು, ಹಾಲಿನ ಚಹಾ ಅವರ ಜೊತೆ ಬಂದದ್ದು. ಸಿಹಿ ಕಡಿಮೆ, ಡಿಕಾಕ್ಷನ್ ಜಾಸ್ತಿ ಬೇಕಿದ್ದರೆ ‘ಪೋ ಚಾ’ ಅನ್ನಿ. ನನಗೆ ಅದೇ ಇಷ್ಟ. ಆದರೆ ಲಫೆಟ್ ಜೊತೆ ಹಾಲಿನ ಚಹಾ ಬೇಡ, ಎರಡೂ ಕೆಡುತ್ತವೆ. ಇನ್ನೊಂದು ವಿಷಯ, ರಾತ್ರಿ ತಿಂದರೆ ನಿದ್ದೆ ಬರುವುದಿಲ್ಲ. ಪರೀಕ್ಷೆಗೆ ಓದುವ ಹುಡುಗರು ಬೇಕೆಂದೇ ತಿನ್ನುತ್ತಾರೆ.

ಅಜ್ಜಿಗೆ ಹೇಳಿದ ಜೋಪಾನ ಇಷ್ಟು: ನೀರಲ್ಲಿ ನೆನೆಹಾಕಬಾರದು, ಸೋಪು ಬ್ರಷ್ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ ಕೂಡಲೇ ಒಣ ಬಟ್ಟೆ. ಬಿಸಿಲಿಗೆ ಇಡಬಾರದು, ಎಸಿ ಮುಂದೆಯೂ ಬೇಡ, ಬಿದಿರು ಒಣಗಿ ಮತ್ತೆ ಸೀಳುತ್ತದೆ.

ಮುಚ್ಚಳದ ಹಿಡಿ ಇನ್ನೂ ಬಾಕಿ. ಅದನ್ನು ಕಡೆಯಲು ಲೇತ್ ಬೇಕು, ನನ್ನ ಹತ್ತಿರ ಇಲ್ಲ. ಮುಚ್ಚಳವನ್ನೇ ಬಗಾನಿಗೆ ಕಳಿಸುವುದೋ, ಅಳತೆ ಕಳಿಸಿ ಹಿಡಿ ಮಾತ್ರ ತರಿಸುವುದೋ ಅಂತ ಯೋಚಿಸುತ್ತಿದ್ದೇನೆ. ಅಲ್ಲಿಯವರೆಗೆ ಎರಡೂ ಕೈಯಲ್ಲಿ ಅಂಚು ಹಿಡಿದು ಎತ್ತಬೇಕು.